ಟಾರ್ಪಾಲಿನ ಎರಡು ತುದಿ

ನಾವು ಬಂದು ನೆಲೆಸಿದ ಪರದೇಶದ ಕೇಟಿಯಲ್ಲಿ ಶಾಲೆಯ ಫುಟ್‌ಬಾಲ್ ಎಂದರೆ ಊರೇ ಬಂದು ಕೂರುತ್ತದೆ. ಜಿಮ್‌ನೊಳಗೆ ಸಂಗೀತಕ್ಕೆ ಕುಣಿಯುತ್ತ ಬಾವುಟ ಎಸೆದು ಹಿಡಿಯುವ ವಿಂಟರ್ ಗಾರ್ಡ್‌ಗೆ ಮಾತ್ರ ಅಪ್ಪ ಅಮ್ಮಂದಿರೇ ಪ್ರೇಕ್ಷಕರು. ಪ್ರದರ್ಶನ ಮುಗಿದೊಡನೆ ನೆಲಕ್ಕೆ ಹಾಸಿದ ದೊಡ್ಡ ಟಾರ್ಪಾಲನ್ನು ಮಡಿಸುವವರೂ ನಾವೇ. ಈ ತಾತ್ಸಾರ ಕಂಡು ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಆ ಟಾರ್ಪಾಲಿನ ಋಣ ನನ್ನ ಮೇಲಿದೆ.

ಮನೆಯಲ್ಲಿ ಮಗಳೊಂದಿಗೆ ರೇಷ್ಮೆ ಸೀರೆ ಮಡಿಸುವಾಗಲೆಲ್ಲ, "ಬಿಗಿಯಾಗಿ ಹಿಡ್ಕೊಳೇ" ಅನ್ನುತ್ತಿದ್ದೆ. ಅವಳ ಉತ್ತರವೆಲ್ಲ ಇಂಗ್ಲಿಷಿನಲ್ಲೇ.

ಒಂದು ಶನಿವಾರ ಪ್ರದರ್ಶನ ಮುಗಿದಾಗ, ತಂಡದೊಂದಿಗೆ ಕುಣಿದು ಬೆವೆತಿದ್ದ ಅವಳು ಓಡಿಬಂದು ನನ್ನೆದುರಿನ ತುದಿ ಹಿಡಿದಳು. ಸುತ್ತ ಅವಳ ಗೆಳತಿಯರಿದ್ದರು. ನನ್ನ ಕೈಯಿಂದ ಟಾರ್ಪಾಲು ಜಾರಿತು.

"ಅಮ್ಮಾ," ಎಂದಳು ಎಲ್ಲರಿಗೂ ಕೇಳುವಂತೆ, "ಬಿಗಿಯಾಗಿ ಹಿಡ್ಕೋ."