ಕೌದಿಯ ಕೊನೆಯ ಮೂಲೆ

ಇಲ್ಲ... ಇನ್ನೂ ನಂಬಲು ಆಗುತ್ತಿಲ್ಲ.

ನಿನ್ನೆ ಸಂಜೆ ಅಂಗಡಿಯ ಶಟರ್ ಎಳೆಯುವಾಗ
"ನಾಳಿ ರೊಟ್ಟಿ ತರ್ತೀನಿ ಕಣೆ" ಎಂದವರು...
ಬೆಳಿಗ್ಗೆ ಅವರ ಮಗಳ ಫೋನ್ ಬಂತು. ನಿದ್ದೆಯಲ್ಲೇ ಹೋಗಿಬಿಟ್ಟರಂತೆ.

ನಮ್ಮ ಗಿರಿಜಕ್ಕ ಇನ್ನಿಲ್ಲ.

ಅವರ ಊರು ಅಂಜನಾಪುರದಲ್ಲಿ ಮಣ್ಣು ಮಾಡಿ ಬಂದೆವು. ಅಳುವುದಕ್ಕೂ ಶಕ್ತಿ ಇಲ್ಲ... ಸುಮ್ಮನೆ ಟೈಪ್ ಮಾಡುತ್ತಿದ್ದೇನೆ.

ಶಿರಾಳಕೊಪ್ಪದ ಟೈಲರಿಂಗ್ ಅಂಗಡಿಯಲ್ಲಿ ನಮ್ಮಿಬ್ಬರದ್ದೂ ಅಕ್ಕಪಕ್ಕದ ಮಷೀನು.
ಸಂತೆಯ ದಿನ ಬ್ಲೌಸಿಗೆ ಜನ ಬಾಗಿಲಲ್ಲೇ ನಿಂತು ಅವಸರ ಮಾಡಿದರೂ ಗಿರಿಜಕ್ಕ ತಲೆ ಎತ್ತುತ್ತಿರಲಿಲ್ಲ.
"ಆದಾಗ ಆಗ್ತೈತಿ. ಚಾ ಕುಡ್ದು ಬರ್ರಿ."
ಜನ ಗೊಣಗಿಕೊಂಡೇ ಹೋಗಿ ಚಾ ಕುಡಿದು ಬರುತ್ತಿದ್ದರು.

ಮೊದಲು ಹೀಗಿರಲಿಲ್ಲವಂತೆ.
ಗಂಡ ತೀರಿಕೊಂಡಾಗ ಶಿವನ ಮೇಲೆ ಸಿಟ್ಟಾಗಿ ಲಿಂಗಪೂಜೆಯನ್ನೇ ಬಿಟ್ಟು, ಕೊರಳಿನ ಲಿಂಗದ ಕರಡಿಗೆ ಬಿಚ್ಚಿ ಗೂಡಿನಲ್ಲಿ ಇಟ್ಟಿದ್ದರಂತೆ.
ಆಮೇಲೊಂದು ದಿನ ಗಂಡನ ಹಳೆಯ ಪಂಚೆ, ಅಂಗಿ ತೆಗೆದು, ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯಲು ಕೂತರು. ಕೈಯಲ್ಲೇ... ದಿನಕ್ಕೆ ಒಂದೆರಡು ಸಾಲು.
ಕೌದಿ ಮುಗಿಯುವ ಹೊತ್ತಿಗೆ ಕರಡಿಗೆ ಮತ್ತೆ ಕೊರಳಿಗೆ ಬಂದಿತ್ತು.

"ನಾನೇನ್ ದೇವ್ರನ್ನ ಹುಡಿಕ್ಯಂಡು ಹೋಗ್ಲಿಲ್ಲ ಕಣೆ. ಸುಮ್ನೆ ಹೊಲ್ಕಂತ ಕುಂತಿದ್ದೆ. ಯಾವಾಗ ಬಂದು ಪಕ್ಕದಾಗೆ ಕುಂತ್ನೋ, ಗೊತ್ತಾಗ್ಲಿಲ್ಲ."

ಹೋದ ವರ್ಷ ನಮ್ಮ ಯಜಮಾನರು ಹೋದರು.
ನಾನೂ ಕೌದಿ ಹೊಲಿದೆ. ಅವರ ಅಂಗಿಗಳನ್ನೆಲ್ಲ ಕತ್ತರಿಸಿ, ಮೋಟಾರ್ ಮಷೀನಿಗೆ ಕೊಟ್ಟು, ಒಂದೇ ದಿನಕ್ಕೆ ಮುಗಿಸಿಬಿಟ್ಟೆ.
ಟೈಲರ್ ಬುದ್ಧಿ... ದುಃಖಕ್ಕೂ ಡೆಲಿವರಿ ಡೇಟ್ ಹಾಕಿಕೊಂಡಿದ್ದೆ.

ಗಿರಿಜಕ್ಕಾ...
ನೀವು ಅದನ್ನು ತಿರುಗಿಸಿ ನೋಡಿದಿರಿ. ನನ್ನ ಕೈಗೆ ಕತ್ತರಿ ಕೊಟ್ಟು ಅಷ್ಟೂ ಹೊಲಿಗೆ ಬಿಚ್ಚಿಸಿದಿರಿ.
"ಇವತ್ತೇ ಮುಗಿಸಿದ್ರೆ ನಾಳಿ ಬೆಳಿಗ್ಗೆ ಎದ್ದು ಏನ್ ಮಾಡ್ತಿ?"
ಬಿಚ್ಚಿದ ತುಂಡುಗಳನ್ನು ಮನೆಗೆ ತಂದು, ಕೈಸೂಜಿಯಲ್ಲಿ ಮತ್ತೆ ಶುರು ಮಾಡಿದೆ.

ಆ ಕೌದಿಯೇ ನನ್ನನ್ನು ದಿನಾ ಎಬ್ಬಿಸಿತು ಅಕ್ಕಾ.
ಕುಪ್ಪಗಡ್ಡೆಯ ನಮ್ಮ ಮನೆಯಲ್ಲಿ ಒಬ್ಬಳೇ ಕೂರುವುದನ್ನು ಕಲಿತೆ. ದೇವರ ಮುಂದೆ ದೀಪ ಹಚ್ಚಲು ಮತ್ತೆ ಮನಸ್ಸು ಬಂತು.

ಕೊನೆಯ ಮೂಲೆ ಮಾತ್ರ ಬಾಕಿ ಉಳಿಯಿತು.
ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡಬೇಕು, ಕೌದಿ ಹಸಿದಿರಬಾರದು... ನಿಮ್ಮ ತವರಿನ ಪದ್ಧತಿ.
ನನಗೆ ಭಯ. ಅದನ್ನು ಮುಚ್ಚಿದರೆ ಯಜಮಾನರು ಪೂರ್ತಿ ಹೋದರು ಅನ್ನಿಸುತ್ತಿತ್ತು. ಏನೇನೋ ನೆಪ ಹೇಳಿ ಮುಂದೂಡುತ್ತಾ ಬಂದೆ.
ನಿನ್ನೆ ನೀವೇ ಹೇಳಿದಿರಿ, "ರೊಟ್ಟಿ ನಾನೇ ತರ್ತೀನಿ, ಇಬ್ರೂ ಕೂಡಿ ಮುಚ್ಚಾಣ."

ಇವತ್ತು ನಿಮ್ಮ ಮನೆಯಿಂದ ಹೊರಡುವಾಗ ಮಗಳು ಒಂದು ಸಣ್ಣ ಬಟ್ಟೆಯ ಗಂಟು ತಂದುಕೊಟ್ಟಳು.
"ಅವ್ವ ರಾತ್ರಿನೇ ಬಡ್ದು ಇಟ್ಟಿದ್ಲು ಆಂಟಿ. ನಿಮಗೆ ಅಂತ."

ರೊಟ್ಟಿ ಒಣಗಿತ್ತು...
ಒಂದು ಚೂರು ಮುರಿದು ಮೂಲೆಯೊಳಗೆ ಇಟ್ಟೆ. ಕೈಯಲ್ಲೇ ಹೊಲಿದೆ. ತುಂಬಾ ಹೊತ್ತು ಹಿಡಿಯಿತು.
ಕೌದಿ ಮುಗಿಯಿತು ಅಕ್ಕಾ.

ನಾಳೆ ಬೆಳಿಗ್ಗೆ ಎದ್ದು ಏನು ಮಾಡ್ತಿ ಅಂತೀರಾ?
ನಿಮ್ಮ ಮಗಳನ್ನು ಕೇಳಿ ನಿಮ್ಮ ಹಳೆಯ ಸೀರೆಗಳನ್ನು ತಂದಿದ್ದೇನೆ.
ಅವಸರ ಮಾಡಲ್ಲ...

ಹೋಗಿ ಬನ್ನಿ ಗಿರಿಜಕ್ಕಾ.
ಶಿವ ನಿಮ್ಮ ಜೀವವನ್ನು ತಣ್ಣಗೆ ಇಟ್ಟಿರಲಿ 🙏