ಹದಿನೈದು ದಿನ ಬೇರೆ ಕಟ್ಟಬೇಕಿದ್ದ ಹಸು

ಈಗಲೂ ವರ್ಷಕ್ಕೆ ಒಬ್ಬಿಬ್ಬರಾದರೂ ನನ್ನನ್ನು ಕೇಳುತ್ತಾರೆ, ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಹಸು ಕೊಳ್ಳಬಹುದೋ ಎಂದು. ಕೇಳುವವರು ಹೆಚ್ಚಾಗಿ ಹೊಸಬರು. ನೌಕರಿಯಲ್ಲಿದ್ದುಕೊಂಡೇ ಮನೆಯ ಹಿಂದೆ ಒಂದಿಷ್ಟು ಜಾಗ ಮಾಡಿಕೊಂಡವರು, ಪ್ಯಾಕೆಟ್ ಹಾಲು ಕುಡಿದು ಬೇಸತ್ತವರು. ಬೇಡ ಮಾರಾಯರೇ ಎನ್ನುತ್ತೇನೆ. ಯಾಕೆ ಎಂದರೆ ಕೆಚ್ಚಲು, ಹಲ್ಲು, ವಯಸ್ಸು ಎಂದು ಏನೇನೋ ಹೇಳಿ ಸಾಗಹಾಕುತ್ತೇನೆ. ನಿಜವಾದ ಕಾರಣ ಅದಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದು ಒಬ್ಬರ ಹತ್ತಿರ ಮಾತ್ರ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿರಸಿಯ ಅಡಿಕೆ ಪೇಟೆಯಲ್ಲಿ ನಾನೊಂದು ದಲಾಲಿ ಅಂಗಡಿಯ ಗುಮಾಸ್ತನಾಗಿದ್ದೆ. ದಿನಾ ಕಣ್ಣೆದುರಿಗೇ ಲಿಲಾವು. ರಾಶಿಗೆ ಕೈಹಾಕಿ ಒಂದು ಅಡಿಕೆ ತೆಗೆದು, ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡಿದರೆ ಸಾಕು, ಇಡೀ ರಾಶಿಯ ಹಣೆಬರಹ ಹೇಳಿಬಿಡುತ್ತಿದ್ದೆ. ದೊಡ್ಡ ವ್ಯಾಪಾರಿಗಳೂ ಒಮ್ಮೊಮ್ಮೆ ನನ್ನ ಮುಖ ನೋಡಿ ದರ ಕೂಗುತ್ತಿದ್ದರು. ಅಷ್ಟಕ್ಕೇ ನನಗೆ ಕೋಡು ಮೂಡಿತ್ತು. ಲಿಲಾವು ಎಂದರೆ ಎಲ್ಲಾ ಒಂದೇ, ಅಡಿಕೆಯಾದರೇನು ಹಸುವಾದರೇನು ಎಂಬ ಧಿಮಾಕು. ಬನವಾಸಿ ರಸ್ತೆಯಲ್ಲಿ, ಪೇಟೆಯಿಂದ ಸ್ವಲ್ಪ ದೂರದ ಕೇರಿಯೊಂದರಲ್ಲಿ ಮನೆ ಕಟ್ಟಿಸಿಕೊಂಡಿದ್ದೆ. ಇನ್ನು ಒಂದು ಹಸು ಬೇಕು ಎಂದು ತಲೆಗೆ ಹೊಕ್ಕಿತು.

"ನಿಂಗಕ್ಕೆ ಹಸುವಿನ ಮುಂದು ಹಿಂದು ಗೊತ್ತಿದ್ದಾ?" ಎಂದು ಹೆಂಡತಿ ನಕ್ಕಳು. ಅವಳಿಗೆ ಗೊತ್ತಿತ್ತು, ಹಾಲು ಕರೆಯುವವಳು ತಾನೇ ಎಂದು.

ಪಕ್ಕದ ಮನೆಯಲ್ಲಿ ಐವತ್ತೈದು ದಾಟಿದ ಒಬ್ಬ ಹೆಂಗಸು ಇದ್ದರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ತಮಾ ಎನ್ನುತ್ತಿದ್ದರು. ರಕ್ತಸಂಬಂಧವೇನಿಲ್ಲ, ನಮ್ಮ ಕಡೆ ಕರೆಯುವುದೇ ಹಾಗೆ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅವರ ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ಹಸು. ಮದುವೆಯಾಗಿ ಸಿದ್ದಾಪುರದ ಕಡೆಯ ತವರಿನಿಂದ ಬರುವಾಗ ಅವರ ತಾಯಿ ಒಂದು ಹೆಣ್ಣುಗರು ಕೊಟ್ಟು ಕಳಿಸಿದ್ದರಂತೆ. ಅದರ ಮಗಳು, ಮೊಮ್ಮಗಳು ಎಂದು ಅದೇ ಸಂತಾನ ಆ ಕೊಟ್ಟಿಗೆಯಲ್ಲಿ ನಡೆದುಬಂದಿತ್ತು. ತಾಯಿ ಸತ್ತಿದ್ದರು. ತವರುಮನೆ ಹಿಸ್ಸೆಯಾಗಿ ಬೇರೆಯವರ ಕೈಸೇರಿತ್ತು. ಅಲ್ಲಿಂದ ಬಂದದ್ದು ಎಂದು ಅವರ ಪಾಲಿಗೆ ಉಳಿದದ್ದು ಈ ಹಸು ಮಾತ್ರ. ಅದಕ್ಕೂ ವಯಸ್ಸಾಗಿತ್ತು, ಹಿಂದಿನ ಮೂರು ಸಲವೂ ಹೋರಿಗರುವನ್ನೇ ಹಾಕಿತ್ತು. ಈಗ ಮತ್ತೆ ತುಂಬು ಗಬ್ಬ. ಇದೇ ಕೊನೆಯದು, ಇನ್ನು ಗಬ್ಬ ನಿಲ್ಲುವುದು ಕಷ್ಟ ಎಂದು ದನದ ಡಾಕ್ಟರು ಹೇಳಿಹೋಗಿದ್ದರು.

"ಈ ಸಲ ಒಂದು ಹೆಣ್ಗರ ಹಾಕಿದ್ರೆ ಸಾಕು ತಮಾ," ಎನ್ನುತ್ತಿದ್ದರು ಅಕ್ಕ, ಅದರ ಹೊಟ್ಟೆಯ ಮೇಲೆ ಕೈಯಾಡಿಸುತ್ತ. "ಎನ್ನ ಆಯಿ ಕೊಟ್ಟದ್ದು ಎನ್ನ ಕೈಲೇ ಮುಗಿದು ಹೋಪದು ಬ್ಯಾಡ."

ಅದೇ ಬೇಸಗೆಯಲ್ಲಿ ಯಲ್ಲಾಪುರದ ಕಡೆ ಯಾರೋ ನಡೆಸುತ್ತಿದ್ದ ಹಸುವಿನ ಫಾರ್ಮು ಮುಚ್ಚುತ್ತದೆ, ದನಗಳ ಲಿಲಾವು ಇದೆ ಎಂದು ಪೇಟೆಯಲ್ಲಿ ಸುದ್ದಿಯಾಯಿತು. ಅಂಗಡಿಗೆ ರಜೆ ಹಾಕಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಜನವೋ ಜನ. ಫಾರ್ಮಿನ ಹಸುಗಳ ನಡುವೆ ದಲಾಲರು ಎಲ್ಲೆಲ್ಲಿಂದಲೋ ತಂದ ಹಸುಗಳನ್ನೂ ಸೇರಿಸಿದ್ದಾರೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತಂತೆ. ನನಗೊಬ್ಬನಿಗೆ ಗೊತ್ತಿರಲಿಲ್ಲ. ಕೂಗುವವನು ಒಂದು ಹಸುವನ್ನು ಎಳೆದು ತಂದು ನಿಲ್ಲಿಸಿ, ಒಂದು ಸುತ್ತು ಹೊಡೆಸಿ, ಉಸಿರು ಬಿಡುವಷ್ಟರಲ್ಲಿ ಮುಗಿಸಿಬಿಡುತ್ತಿದ್ದ. ಬಾಯಿ ತೆರೆಸಿ ನೋಡಲು, ಒಂದು ತಂಬಿಗೆ ಹಾಲು ಕರೆದು ನೋಡಲು ಪುರುಸೊತ್ತೆಲ್ಲಿ? ಕಪ್ಪು ಬಿಳುಪಿನ ಒಂದು ಹಸು ಬಂತು. ಮೈ ಮಿಂಚುತ್ತಿತ್ತು, ಕೆಚ್ಚಲು ತುಂಬಿತ್ತು. ಹಿಂಗಾಲೊಂದನ್ನು ಆಗಾಗ ಕೊಡವುತ್ತಿತ್ತು. ನೊಣ ಇರಬೇಕು ಎಂದುಕೊಂಡೆ. ಪಕ್ಕದವನು ಕೂಗಿದ, ನಾನು ಮೇಲೆ ಕೂಗಿದೆ. ಅವನು ಮತ್ತೆ ಕೂಗಿದ. ಬಿಡುತ್ತೇನೆಯೇ! ಹಸು ನನ್ನದಾದಾಗ ಅಡಿಕೆ ಪೇಟೆಯನ್ನೇ ಗೆದ್ದವನಂತೆ ಸುತ್ತ ನೋಡಿದೆ.

ಬರಿಗೈಯಲ್ಲಿ ಹೊರಟಿದ್ದ ಒಬ್ಬ ಮುದುಕ ನನ್ನ ಹತ್ತಿರ ಬಂದು ನಿಂತ. ತಲೆಗೆ ಪಟಕಾ ಸುತ್ತಿದ ಮೂಡಲ ಸೀಮೆಯ ರೈತ.

"ಹೊಸಬ್ರೇನ್ರಿ?" ಎಂದ.

"ಹೌದು. ಏನೀಗ?" ಎಂದೆ ಬಿಗುಮಾನದಲ್ಲಿ.

"ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಲಿಲಾವಿನ ದನಾ ಮನಿಗೆ ಒಯ್ದ ಕೂಡ್ಲೆ ಬ್ಯಾರೆ ದನದ ಜೋಡಿ ಕಟ್ಟಬ್ಯಾಡ್ರಿ. ಹದಿನೈದ್ ದಿನಾ ದೂರ ಇಡ್ರಿ. ನೀರಿನ ಬಕೀಟೂ ಬ್ಯಾರೆ ಇರ್ಲಿ. ಎಲ್ಲಿ ಯಾವ ಬ್ಯಾನಿ ಹತ್ತಿಸ್ಕೊಂಡ್ ಬಂದಿರ್ತಾವೋ, ಇವತ್ತ ಕಾಣೂದಿಲ್ಲ."

"ನನ್ನ ಮನೆಯಲ್ಲಿ ಬೇರೆ ದನವೇ ಇಲ್ಲ."

"ನಿಮ್ಮನ್ಯಾಗ ಇರ್ಲಿಕ್ಕಿಲ್ರಿ. ಬಾಜೂ ಮನ್ಯಾಗ ಇರ್ತಾವಲ್ರಿ," ಎಂದು ಹೇಳಿ ಮುದುಕ ನಡೆದುಬಿಟ್ಟ. ತನಗೆ ಸಿಗದ ಹೊಟ್ಟೆಕಿಚ್ಚಿಗೆ ಹೇಳಿದ ಎಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು!

ಸಂಜೆಯ ಹೊತ್ತಿಗೆ ಬಾಡಿಗೆ ಟೆಂಪೋದಲ್ಲಿ ಹಸು ಕೇರಿಗೆ ಬಂದಿಳಿಯಿತು. ಹೆಂಡತಿ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಇಟ್ಟಳು. ನಾಲ್ಕಾರು ಮನೆಯವರು ಬಂದು ನೋಡಿ ಭೇಷ್ ಎಂದರು. ಸಮಸ್ಯೆ ಎಂದರೆ ನಮ್ಮ ಕೊಟ್ಟಿಗೆಗೆ ಮೇಲಿನ ಮಾಡು ಮಾತ್ರ ಆಗಿತ್ತು. ನೆಲಕ್ಕೆ ಕಲ್ಲು ಹಾಸುವವರು ನಾಲ್ಕು ದಿನ ಬಿಟ್ಟು ಬರುತ್ತೇವೆ ಎಂದು ಹೇಳಿಹೋಗಿದ್ದರು. ನಾನು ಪೆಚ್ಚಾಗಿ ಹಗ್ಗ ಹಿಡಿದು ನಿಂತಿದ್ದೆ.

"ಅದಕ್ಕೆಂತಾ, ಎಂಗಳ ಕೊಟ್ಗೆಲಿ ಕಟ್ಟು," ಎಂದರು ಅಕ್ಕ. "ಹೊಸಾ ಜಾಗ, ಒಂದೇ ಕಟ್ಟಿರೆ ಕೂಗ್ತು. ಎನ್ನ ಹಸುವಿನ ಪಕ್ಕ ಇರ್ಲಿ. ನಾಕು ದಿನ ಜೊತೆ ಸಿಕ್ಕಿದ್ರೆ ಹೊಂದ್ಕತ್ತು."

ನಮ್ಮ ಕೇರಿಯ ರೂಢಿಯೂ ಅದೇ. ಕೊಂಡು ತಂದ ಹಸುವನ್ನು ಮೊದಲು ಹಳೆಯ ಹಸುವಿನ ಪಕ್ಕದಲ್ಲಿ ಕಟ್ಟುವುದು, ಅದರ ಬಾನಿಯಲ್ಲೇ ಅಕ್ಕಿ ತೊಳೆದ ಅಕ್ಕಚ್ಚು ಕುಡಿಸುವುದು. ಹೊಸ ಸೊಸೆಗೆ ಜೊತೆ ಕೂರಿಸಿದ ಹಾಗೆ.

ಆ ಕ್ಷಣ ಮುದುಕನ ಮಾತು ನೆನಪಾಗಲಿಲ್ಲವೇ? ಆಯಿತು. ಚೆನ್ನಾಗಿಯೇ ನೆನಪಾಯಿತು. ಹದಿನೈದು ದಿನ ಬೇರೆ ಇಡಬೇಕಂತೆ ಅಕ್ಕಾ ಎನ್ನಲು ಬಾಯಿ ತೆರೆದೆ. ಹೇಳಿದರೆ, ಯಾಕೆ, ರೋಗದ ಹಸು ತಂದೆಯಾ ಎಂದು ನೆರೆದವರು ಕೇಳುತ್ತಾರೆ. ಭೇಷ್ ಎಂದ ಬಾಯಲ್ಲೇ ನಗುತ್ತಾರೆ. ಅದಕ್ಕೂ ಹೆಚ್ಚಾಗಿ, ಅಕ್ಕ ಬೇಡ ಎಂದುಬಿಟ್ಟರೆ ಈ ಹೊತ್ತಿನಲ್ಲಿ ಹಸುವನ್ನು ಎಲ್ಲಿ ಕಟ್ಟಲಿ? ಬಾಯಿ ಮುಚ್ಚಿದೆ. ಹಗ್ಗವನ್ನು ಅವರ ಕೈಗೆ ಕೊಟ್ಟೆ. ಅವರು ಬಾನಿ ತುಂಬ ಅಕ್ಕಚ್ಚು ತಂದಿಟ್ಟರು. ನನ್ನ ಹಸು ಅರ್ಧ ಕುಡಿಯಿತು, ಉಳಿದದ್ದನ್ನು ಅವರ ಹಸು ಕುಡಿಯಿತು.

ಮೂರನೆಯ ದಿನ ಬೆಳಿಗ್ಗೆ ನನ್ನ ಹಸುವಿನ ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಹುಲ್ಲು ಮುಟ್ಟಲಿಲ್ಲ. ಬಾಯಿ ಚಪ್ಪರಿಸುತ್ತ ಕಾಲು ಎತ್ತಿ ಎತ್ತಿ ಇಡುತ್ತಿತ್ತು. ಡಾಕ್ಟರು ಬಂದು ನಾಲಿಗೆ ಎಳೆದು ನೋಡಿ, "ಕಾಲುಬಾಯಿ ರೋಗ. ಇದನ್ನ ಇಲ್ಲಿ ಯಾರು ಕಟ್ಟಿದ್ದು?" ಎಂದರು. ನಾನು ಹಗ್ಗ ಬಿಚ್ಚತೊಡಗಿದೆ. ಹಸಿ ನೆಲವಾದರೂ ಆಗಲಿ ಎಂದು ಅಂದೇ ನಮ್ಮ ಕೊಟ್ಟಿಗೆಗೆ ಹೊಡೆದುಕೊಂಡು ಹೋದೆ. ಕೇರಿಯ ಉಳಿದವರು ತಮ್ಮ ದನಗಳನ್ನು ಮೇಯಲು ಬಿಡದೆ ಕಟ್ಟಿಹಾಕಿ ಉಳಿಸಿಕೊಂಡರು. ಅಕ್ಕನ ಹಸುವಿಗೆ, ತುಂಬು ಗಬ್ಬ, ಹೆಚ್ಚುಕಡಿಮೆಯಾದೀತು ಎಂದು ಆ ಸಲದ ಲಸಿಕೆ ಹಾಕಿಸಿರಲಿಲ್ಲ. ಆರನೆಯ ದಿನ ಅದೂ ಜೊಲ್ಲು ಸುರಿಸಿತು.

ನಾನು ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ಪಟಿಕ ಕರಗಿಸಿದ ನೀರಿನಲ್ಲಿ ಬಾಯಿ ತೊಳೆಯುವುದು, ಗೊರಸಿನ ಸಂದಿಗೆ ಔಷಧ ಹಚ್ಚುವುದು, ರಾಗಿ ಗಂಜಿ ಕುಡಿಸುವುದು. ಇಬ್ಬರೂ ಎರಡೂ ಹಸುಗಳಿಗೆ ಮಾಡಿದೆವು. ನನ್ನ ಹಸುವಿಗೂ ಅಕ್ಕನೇ ಬಂದು ಗಂಜಿ ಕುಡಿಸುತ್ತಿದ್ದರು. "ಗಾಳಿಲಿ ಬಪ್ಪ ರೋಗ ತಮಾ, ಯಾರ ತಪ್ಪು ಹೇಳದು?" ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ಹೌದು ಅಕ್ಕಾ, ಗಾಳಿಲಿ ಬಂದದ್ದು ಎಂದು ನಾನೂ ತಲೆಯಾಡಿಸಿದೆ.

ಆ ಸಂಕಟದ ನಡುವೆಯೇ ಅವರ ಹಸು ಕರು ಹಾಕಿತು. ಹೆಣ್ಣುಗರು. ಕೆಂಪು ಮೈ, ಹಣೆಯಲ್ಲಿ ಬೊಟ್ಟಿನಷ್ಟು ಬಿಳಿ. ಅಕ್ಕ ಸೆರಗಿನಿಂದ ಅದರ ಮೈ ಒರೆಸುತ್ತ ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. "ಎನ್ನ ಆಯಿ ಬಂತು ನೋಡು," ಎಂದರು. ಕರು ಎದ್ದು ನಿಂತಿತು, ತಡವರಿಸುತ್ತ ಹೋಗಿ ಮೊಲೆಗೆ ಬಾಯಿ ಹಾಕಿತು. ಡಾಕ್ಟರ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಈ ರೋಗ ದೊಡ್ಡ ದನವನ್ನು ಬಿಟ್ಟರೂ ಎಳೆಗರುವನ್ನು ಬಿಡುವುದಿಲ್ಲ, ನೇರ ಎದೆಗೇ ಹೋಗುತ್ತದೆ ಎಂದು ನನ್ನೊಬ್ಬನಿಗೆ ಹೇಳಿದರು.

ಕರು ಹುಟ್ಟಿದ ಎರಡನೆಯ ದಿನ, ಮಧ್ಯಾಹ್ನ ಊಟದ ಹೊತ್ತು. ಅಂಗಳದಲ್ಲಿ ನಿಂತಿದ್ದ ಕರು ನಾಲ್ಕು ಹೆಜ್ಜೆ ನಡೆದು ಬಿದ್ದಿತು. ಮತ್ತೆ ಏಳಲಿಲ್ಲ. ಅಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಗುಂಡಿ ತೆಗೆದವನು ನಾನೇ.

ನನ್ನ ಹಸು ಚೇತರಿಸಿಕೊಂಡಿತು. ಅಕ್ಕನ ಹಸುವಿಗೆ ಹಾಲೇ ಬರಲಿಲ್ಲ. ಬಿಸಿಲು ಏರಿದರೆ ನಿಂತಲ್ಲೇ ತೇಕುತ್ತಿತ್ತು. ಮತ್ತೆ ಗಬ್ಬವಾಗಲಿಲ್ಲ. ಮರುವರ್ಷ ಶಿವರಾತ್ರಿಯ ಹೊತ್ತಿಗೆ ಅದೂ ಹೋಯಿತು.

ನನ್ನ ಹಸು ಮುಂದೆ ಹೆಣ್ಣುಗರು ಹಾಕಿತು. ಅದು ಹುಲ್ಲು ತಿನ್ನುವಷ್ಟು ದೊಡ್ಡದಾಗುವವರೆಗೂ ಕಾದೆ. ಇದನ್ನು ಅಕ್ಕನಿಗೆ ಕೊಡುತ್ತೇನೆ ಎಂದಷ್ಟೇ ಹೆಂಡತಿಗೆ ಹೇಳಿದೆ. ಅವಳು ಬೇಡ ಎನ್ನಲಿಲ್ಲ, ಹೊಸ ಹಗ್ಗ ತಂದುಕೊಟ್ಟಳು. ಒಂದು ಬೆಳಿಗ್ಗೆ ಕರುವನ್ನು ಹಿಡಿದುಕೊಂಡು ಅಕ್ಕನ ಅಂಗಳಕ್ಕೆ ಹೋದೆ.

"ಎಂತಾ ತಮಾ ಇದು?"

"ನಿಂಗೇ ಅಕ್ಕಾ. ಇಟ್ಗ."

"ಎಂತಕ್ಕೆ?"

ಆಗ ಹೇಳಿದೆ. ಲಿಲಾವಿನಲ್ಲಿ ಸಿಕ್ಕ ಮುದುಕ, ಅವನು ಹೇಳಿದ ಹದಿನೈದು ದಿನ, ಬಾಜೂ ಮನೆಯ ಮಾತು, ಹಗ್ಗ ಹಿಡಿದು ನಿಂತಾಗ ನನಗೆ ಅದೆಲ್ಲ ನೆನಪಾದದ್ದು, ನಾನು ಬಾಯಿ ಮುಚ್ಚಿಕೊಂಡದ್ದು, ಎಲ್ಲವನ್ನೂ. ಹೇಳುವಾಗ ತಲೆ ಎತ್ತಲಾಗಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಸಾಕು ಎಂದುಕೊಂಡಿದ್ದೆ. ಅವರು ಕರುವಿನ ಕುತ್ತಿಗೆ ತುರಿಸುತ್ತ ನಿಂತಿದ್ದರು.

"ಹೇಳಿದ್ರೆ ಆನು ಬ್ಯಾಡ ಹೇಳ್ತಿದ್ನಾ ತಮಾ?" ಎಂದರು ಕಡೆಗೆ. "ಹಿಂದಿನ ಸೌದೆ ಕೊಟ್ಗೆ ಖಾಲಿನೇ ಇತ್ತಲಾ. ಅಲ್ಲಿ ಕಟ್ಟಿ, ಹುಲ್ಲು ನೀರು ಆನೇ ಹಾಕ್ತಿದ್ದಿ."

ಅವರು ಒಳಗೆ ಹೋಗಿ ಒಂದು ತುಂಡು ಬೆಲ್ಲ ತಂದು ಕರುವಿಗೆ ತಿನ್ನಿಸಿದರು. ಆಮೇಲೆ ಹಗ್ಗವನ್ನು ನನ್ನ ಕೈಗೇ ಕೊಟ್ಟು, "ಒಳ್ಳೆ ಕರ. ಹೊಡ್ಕಂಡು ಹೋಗು," ಎಂದು ಬಾಗಿಲು ಎಳೆದುಕೊಂಡರು. ಬೆಲ್ಲದ ರುಚಿ ಹತ್ತಿದ ಕರು ಆ ಅಂಗಳ ಬಿಟ್ಟು ಬರಲೊಲ್ಲದು. ಎಳೆದುಕೊಂಡೇ ಬರಬೇಕಾಯಿತು.