ದನಿ ಬಿಟ್ಟುಕೊಡದ ಬದಲಾಪುರದ ಅಕ್ಕ

ಅಕ್ಕನ ಕುತ್ತಿಗೆ ಕಿವಿಯ ಕೆಳಗಿನಿಂದ ಸುಟ್ಟ ಬದನೆಕಾಯಿಯ ಹಾಗೆ ಕಪ್ಪಾಗಿ, ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ಮೂಗಿನಿಂದ ಆಹಾರದ ನಳಿಗೆ ಇಳಿಬಿದ್ದಿತ್ತು. ಹಾಗಿದ್ದೂ ಬೆಳಗಿನ ಬದಲಾಪುರ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ, ಸೆರಗು ಹೊದೆಯದೆ, ಕಿಟಕಿಗೆ ಕೂತಿರುತ್ತಿದ್ದರು.

ನನಗೆ ಗಾಡಿಯಲ್ಲೇ ಪರಿಚಯವಾದವರು. ವಿಜಯಪುರದ ಕಡೆಯವರು, ಮದುವೆಯಾಗದೆ ತಮ್ಮನ ಜೊತೆಗಿದ್ದವರು. ತುರ್ಭೆಯ ಔಷಧ ಕಂಪನಿಯೊಂದರಲ್ಲಿ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್. ಮಶಿನುಗಳ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ದನಿ. ನಾನು ಡೊಂಬಿವಲಿಯಲ್ಲಿ ಹತ್ತಿದ ಕೂಡಲೇ "ಬಾರೇ ಇಲ್ಲಿ, ಜಾಗ ಐತಿ" ಎಂದು ಡಬ್ಬಿಯ ಆ ತುದಿಯಿಂದ ಕರೆಯುತ್ತಿದ್ದರು. ಠಾಣೆಯಲ್ಲಿ ಗಾಡಿ ಬದಲಿಸಿ ಅವರು ತುರ್ಭೆಗೆ, ನಾನು ಸಾನಪಾಡಾದ ಆಫೀಸಿಗೆ.

ಗಂಟಲ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಅದು ಕುತ್ತಿಗೆಯ ಗ್ರಂಥಿಗಳಿಗೂ ಹಬ್ಬಿತ್ತು. ಡಾಕ್ಟರು ಎರಡು ದಾರಿ ಹೇಳಿದರು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆಯುವುದು, ಇಲ್ಲವೇ ಏಳು ವಾರ ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಕೀಮೋ. ರೋಗ ಮರಳಿ ಬರುವುದೇ ಇಲ್ಲ ಎಂಬ ಮಾತು ಎರಡರಲ್ಲೂ ಕೊಡಲಾರೆ ಎಂದರು.

"ತೆಗೆಸಿಬಿಡು. ಮಿಶ್ರಿ ತಿಕ್ಕಿದ್ದಕ್ಕ ಬಂದದ್ದಿದು" ಎಂದ ತಮ್ಮ. ಮಿಶ್ರಿ ಎಂದರೆ ಹುರಿದ ತಂಬಾಕಿನ ಹಲ್ಲುಪುಡಿ.

"ಹೂಂ, ತಿಕ್ಕೇನಿ. ಅದಕ್ಕಂತ ಮೂಕಿ ಆಗಬೇಕೇನು? ಉರಿ ತಡಕೋತೀನಿ, ದನಿ ಕೊಡಂಗಿಲ್ಲ."

ದಿನವೂ ಅದೇ ಗಾಡಿಯಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದರು. ಅಲ್ಲಿ ರೇಡಿಯೇಷನ್ ಕೊಡುವಾಗ ಮುಖಕ್ಕೆ ಜಾಳಿಗೆಯಂಥ ಮುಖವಾಡ ಹಾಕಿ, ಅಲುಗದಂತೆ ಮೇಜಿಗೆ ಬಿಗಿಯುತ್ತಿದ್ದರಂತೆ. ನಾಲ್ಕನೇ ವಾರಕ್ಕೆ ಕುತ್ತಿಗೆ ಸುಟ್ಟು ಕಪ್ಪಾಗಿ, ಬಾಯಿ ತುಂಬ ಹುಣ್ಣು. ಉಗುಳು ನುಂಗಿದರೂ ಕಣ್ಣಲ್ಲಿ ನೀರು. ಮಾತು ನಿಂತೇಹೋಯಿತು. ಆಗೊಮ್ಮೆ ಪಕ್ಕದಲ್ಲಿದ್ದ ಹೆಂಗಸು ಮೂಗು ಮುಚ್ಚಿಕೊಂಡು, ಹೀಗಿರುವಾಗ ಮನೆಯಲ್ಲಿರಬಾರದೇ, ನಮಗೆಲ್ಲ ಅಂಟೀತು ಎಂದು ಹಿಂದಿಯಲ್ಲಿ ಸಿಡುಕಿದಳು. ಅಕ್ಕ ಫೋನಿನಲ್ಲಿ ಏನೋ ಬರೆದು ನನ್ನ ಕೈಗಿಟ್ಟು, ಜೋರಾಗಿ ಓದು ಎಂದು ಸನ್ನೆ ಮಾಡಿದರು. ಫೋನಿನಿಂದ ತಲೆ ಎತ್ತದೆ ಓದಿದೆ: "ಕ್ಯಾನ್ಸರ್ ಹೈ. ಲಗ್ತಾ ನಹೀಂ. ಸೀಟ್ ನಹೀಂ ದೂಂಗಿ." ಕ್ಯಾನ್ಸರ್ ಇದು, ಅಂಟುವುದಿಲ್ಲ, ಸೀಟು ಬಿಡುವುದಿಲ್ಲ ಎಂದು.

ಚಿಕಿತ್ಸೆ ಮುಗಿದು ಮೂರು ತಿಂಗಳಿಗೆ ದನಿ ಮರಳಿತು, ಮರಳು ತಿಕ್ಕಿದಂತೆ ಒರಟಾಗಿ. ಮೊದಲ ಬೈಗುಳ ನನಗೇ. ನಾನು ದಿನವೂ ಸುಪಾರಿಯ, ಅಂದರೆ ಅಡಿಕೆಚೂರಿನ, ಪೊಟ್ಟಣ ಹರಿಯುವುದನ್ನು ಅವರು ಅಷ್ಟು ದಿನ ಸುಮ್ಮನೆ ನೋಡುತ್ತಿದ್ದರು.

"ಬಾಯಿ ತಗಿ. ಮೂರು ಬೆರಳು ಒಂದರ ಮ್ಯಾಲೊಂದು ಇಟ್ಟು ಹಾಕು ನೋಡೂಣು."

ಎರಡೇ ಹೋದವು, ಬಾಯಿ ಅದಕ್ಕಿಂತ ತೆರೆಯಲಿಲ್ಲ.

"ಇವತ್ತ ನನ್ನ ತಪಾಸಣಿ ಐತಿ. ನಡಿ ನನ್ನ ಜೋಡಿ."

ಆಫೀಸಿದೆ ಎಂದರೂ ಬಿಡದೆ ಕೈಹಿಡಿದು ಕರೆದೊಯ್ದು ತಮ್ಮದೇ ಡಾಕ್ಟರ ಮುಂದೆ ಕೂರಿಸಿದರು. ಅಡಿಕೆಯಿಂದ ಬಾಯಿ ಬಿಗಿದಿದೆ, ಕ್ಯಾನ್ಸರ್ ಅಲ್ಲ, ಹೀಗೇ ಅಗಿಯುತ್ತಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದು ಎಂದರು ಡಾಕ್ಟರು. ಅಂದೇ ಸುಪಾರಿ ಬಿಟ್ಟೆ. ಬಾಯಿ ಇಂದಿಗೂ ಪೂರ್ತಿ ತೆರೆಯುವುದಿಲ್ಲ, ವಡಾಪಾವ್ ಮುರಿದು ತಿನ್ನುತ್ತೇನೆ. ತಿನ್ನುತ್ತೇನಲ್ಲ, ಅಷ್ಟು ಸಾಕು.

ಎರಡು ವರ್ಷದ ಮೇಲೆ ಅಕ್ಕನ ಶ್ವಾಸಕೋಶದಲ್ಲಿ ರೋಗ ಕಾಣಿಸಿಕೊಂಡಿತು. ಕೊನೆಯ ವಾರದವರೆಗೂ ಪ್ಯಾಕಿಂಗ್ ಹುಡುಗಿಯರಿಗೆ ಫೋನಿನಲ್ಲೇ ಜೋರು ಮಾಡುತ್ತಿದ್ದರು. ಅವರು ತೀರಿಕೊಂಡ ಹದಿಮೂರನೆಯ ದಿನ ಬದಲಾಪುರದ ಮನೆಯಲ್ಲಿ ಎಲ್ಲರ ನಡುವೆ ತಮ್ಮ ಅಳುತ್ತಾ ಹೇಳಿದ: "ಹಟ ಮಾಡಿದ್ಲು. ಆಗಲೇ ಆಪರೇಷನ್ ಮಾಡಿಸಿದ್ರ ಇರತಿದ್ಲು."

ನಾನು ಯಾರಿಗೂ ಎದುರು ಮಾತಾಡಿದವಳಲ್ಲ. ಅಂದು ಎದ್ದು ನಿಂತೆ.

"ಇರುತ್ತಿದ್ದರೋ ಇಲ್ಲವೋ, ಡಾಕ್ಟರಿಗೇ ಗೊತ್ತಿರಲಿಲ್ಲ. ಎರಡು ವರ್ಷ ಅಕ್ಕ ತಮ್ಮದೇ ದನಿಯಲ್ಲಿ ಮಾತಾಡಿದರು. ಆ ಮಾತು ಕೇಳಿಯೇ ನಾನು ಉಳಿದಿದ್ದೇನೆ. ಅಕ್ಕ ತಪ್ಪು ಮಾಡಿದರು ಅಂತ ನನ್ನೆದುರು ಮಾತ್ರ ಹೇಳಬೇಡಿ."